ದುಡಿಮೆ ಶುರುವಾದ ಮೇಲೂ ಉಳಿಯುವ ಸರ್ಕಾರಿ ಸೌಲಭ್ಯಗಳು

ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಗುತ್ತಿಗೆ ಕೆಲಸಗಳಲ್ಲಿ, ಮಸ್ಕಿಯ ಅಂಗಡಿ, ಖಾಸಗಿ ಶಾಲೆ, ಆಸ್ಪತ್ರೆಗಳಲ್ಲಿ ಮೊದಲ ಬಾರಿಗೆ ತಿಂಗಳ ಸಂಬಳಕ್ಕೆ ಸೇರುವವರ ಮನೆಗಳಲ್ಲಿ, ಸಂಬಳ ಎಷ್ಟು ಎಂಬ ಪ್ರಶ್ನೆಯ ಬೆನ್ನಿಗೇ ರೇಷನ್ ಕಾರ್ಡ್ ಏನಾಗುತ್ತದೆ ಎಂಬ ಪ್ರಶ್ನೆಯೂ ಏಳುತ್ತದೆ. ಬಿಪಿಎಲ್ ಕಾರ್ಡ್ ಹೋದರೆ ಅದರೊಂದಿಗೆ ಗೃಹಲಕ್ಷ್ಮಿಯ ಹಣ, ಉಚಿತ ವಿದ್ಯುತ್, ಆಸ್ಪತ್ರೆಯ ನೆರವು, ಮಕ್ಕಳ ವಿದ್ಯಾರ್ಥಿವೇತನ ಎಲ್ಲವೂ ಒಟ್ಟಿಗೇ ಹೋಗಿಬಿಡುತ್ತವೆ ಎಂಬ ನಂಬಿಕೆ ಬಲವಾಗಿರುವುದರಿಂದ, ಕೆಲವರು ಭವಿಷ್ಯ ನಿಧಿಗೆ ಹೆಸರು ಬರೆಸಲು ಹಿಂಜರಿಯುತ್ತಾರೆ, ಕೆಲವರು ಸಂಬಳವನ್ನು ಬ್ಯಾಂಕಿಗೆ ಹಾಕದೆ ಕೈಯಲ್ಲೇ ಕೊಡುವಂತೆ ಕೇಳಿಕೊಳ್ಳುತ್ತಾರೆ, ಮನೆಯ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕಳುಹಿಸಬೇಕೇ ಬೇಡವೇ ಎಂದು ಲೆಕ್ಕ ಹಾಕುವವರೂ ಇದ್ದಾರೆ. ಈ ನಂಬಿಕೆಯ ಬಹುಭಾಗ ತಪ್ಪು. ಪ್ರತಿಯೊಂದು ಯೋಜನೆಗೂ ತನ್ನದೇ ಆದ ಷರತ್ತು ಇದ್ದು, ಒಂದರ ಷರತ್ತು ಮತ್ತೊಂದಕ್ಕೆ ಅನ್ವಯವಾಗುವುದಿಲ್ಲ. ಕೆಲಸ ಸಿಕ್ಕ ಮಾತ್ರಕ್ಕೆ ನಿಲ್ಲುವ ಯೋಜನೆಗಳು ತೀರ ಕಡಿಮೆ.

ಈ ಷರತ್ತುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ಗುರುತಿಸಬಹುದು. ಮೊದಲನೆಯ ಬಗೆಯಲ್ಲಿ ಆದಾಯದ ಪ್ರಶ್ನೆಯೇ ಬರುವುದಿಲ್ಲ. ಶಕ್ತಿ ಮತ್ತು ಗೃಹಜ್ಯೋತಿ ಈ ಬಗೆಯವು. ಎರಡನೆಯದರಲ್ಲಿ ಫಲಾನುಭವಿ ಅಥವಾ ಅವರ ಸಂಗಾತಿ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ವ್ಯಾಪ್ತಿಗೆ ಬರುತ್ತಾರೆಯೇ ಎಂಬುದಷ್ಟೇ ಮುಖ್ಯ. ಗೃಹಲಕ್ಷ್ಮಿ ಇದಕ್ಕೆ ಸೇರುತ್ತದೆ. ಮೂರನೆಯದರಲ್ಲಿ ವಾರ್ಷಿಕ ಆದಾಯಕ್ಕೆ ರೂಪಾಯಿ ಲೆಕ್ಕದ ಮಿತಿಯಿದೆ. ಬಿಪಿಎಲ್ ಕಾರ್ಡ್, ಸಾಮಾಜಿಕ ಭದ್ರತಾ ಪಿಂಚಣಿ ಮತ್ತು ವಿದ್ಯಾರ್ಥಿವೇತನಗಳು ಇಲ್ಲಿ ಬರುತ್ತವೆ. ನಾಲ್ಕನೆಯದರಲ್ಲಿ ಉದ್ಯೋಗ ದೊರೆತ ದಿನವೇ ಸೌಲಭ್ಯ ಮುಗಿಯುತ್ತದೆ. ಯುವನಿಧಿ ಇದರ ನೇರ ಉದಾಹರಣೆ. ಯಾವ ಯೋಜನೆ ಯಾವ ಬಗೆಗೆ ಸೇರಿದೆ ಎಂಬುದು ತಿಳಿದಿದ್ದರೆ ಭಯದ ಬಹುಪಾಲು ತಾನಾಗಿಯೇ ಕಳೆಯುತ್ತದೆ.

ರೇಷನ್ ಕಾರ್ಡಿನ ಮಿತಿ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಫಲಾನುಭವಿ ಕುಟುಂಬಗಳನ್ನು ಎರಡು ವರ್ಗ ಮಾಡಿದೆ. ಅತಿ ಬಡವರಿಗೆ ನೀಡುವ ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕಿಲೋ ಧಾನ್ಯ ದೊರೆತರೆ, ಜನರ ಬಾಯಲ್ಲಿ ಬಿಪಿಎಲ್ ಎಂದೇ ಉಳಿದಿರುವ ಆದ್ಯತಾ ಕುಟುಂಬದ ಕಾರ್ಡಿನಲ್ಲಿ ಪ್ರತಿ ಸದಸ್ಯರಿಗೆ 5 ಕಿಲೋ ಧಾನ್ಯ ದೊರೆಯುತ್ತದೆ. ಇದರ ಮೇಲೆ ರಾಜ್ಯದ ಅನ್ನಭಾಗ್ಯ ಯೋಜನೆಯು ತಲಾ ಇನ್ನೂ 5 ಕಿಲೋದ ಪಾಲನ್ನು ಸೇರಿಸಿತು. ಅಕ್ಕಿಯ ಕೊರತೆಯಿಂದಾಗಿ 2023ರ ಜುಲೈನಿಂದ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಖಾತೆಗೆ ಜಮಾ ಮಾಡಿ, 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡಲಾಯಿತು.

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಇದಲ್ಲದೆ ಸರ್ಕಾರದ, ನಿಗಮ ಮಂಡಳಿಗಳ, ಸರ್ಕಾರಿ ಸ್ವಾಮ್ಯದ ಸಂಸ್ಥೆಗಳ ಕಾಯಂ ನೌಕರರಿರುವ ಕುಟುಂಬಗಳು, ಆದಾಯ ತೆರಿಗೆ ಅಥವಾ ಜಿಎಸ್‌ಟಿ ಪಾವತಿಸುವ ಕುಟುಂಬಗಳು, 3 ಹೆಕ್ಟೇರ್‌ಗಿಂತ, ಅಂದರೆ ಸುಮಾರು ಏಳೂವರೆ ಎಕರೆಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಭೂಮಿ ಇರುವವರು, ಸ್ವಂತ ಬಳಕೆಗೆ ನಾಲ್ಕು ಚಕ್ರದ ವಾಹನ ಇಟ್ಟುಕೊಂಡವರು, ಪಟ್ಟಣದಲ್ಲಿ 1,000 ಚದರಡಿ ಮೀರಿದ ಪಕ್ಕಾ ಮನೆ ಉಳ್ಳವರು ಈ ಕಾರ್ಡಿಗೆ ಅರ್ಹರಲ್ಲ. ಜೀವನೋಪಾಯಕ್ಕೆಂದು ಓಡಿಸುವ ಒಂದು ಟ್ಯಾಕ್ಸಿ, ಟ್ರ್ಯಾಕ್ಟರ್ ಅಥವಾ ಆಟೊ ಇದ್ದರೆ ಅದು ಅಡ್ಡಿಯಾಗುವುದಿಲ್ಲ.

ಹಟ್ಟಿ ಚಿನ್ನದ ಗಣಿ ಕಂಪನಿಯು ರಾಜ್ಯ ಸರ್ಕಾರದ ಸ್ವಾಮ್ಯದ್ದಾದ್ದರಿಂದ ಅಲ್ಲಿನ ಕಾಯಂ ನೌಕರರ ಕುಟುಂಬಕ್ಕೆ ಬಿಪಿಎಲ್ ಕಾರ್ಡ್ ಸಲ್ಲದು. ಆದರೆ ಅದೇ ಆವರಣದಲ್ಲಿ ಗುತ್ತಿಗೆದಾರರ ಮೂಲಕ ದುಡಿಯುವವರು ಕಾಯಂ ನೌಕರರ ವ್ಯಾಖ್ಯೆಯೊಳಗೆ ಬರುವುದಿಲ್ಲ, ಅವರ ಅರ್ಹತೆಯನ್ನು ಉಳಿದವರಂತೆ ಆದಾಯದ ಆಧಾರದ ಮೇಲೆಯೇ ನೋಡಬೇಕು. ಗ್ರಾಮ ಪಂಚಾಯಿತಿಯ ಹೊರಗುತ್ತಿಗೆ ಸಿಬ್ಬಂದಿ, ಅತಿಥಿ ಶಿಕ್ಷಕರು, ಬಿಸಿಯೂಟದ ಅಡುಗೆಯವರು, ಆಶಾ ಕಾರ್ಯಕರ್ತೆಯರ ವಿಷಯದಲ್ಲೂ ಇದೇ ಮಾತು. ಭವಿಷ್ಯ ನಿಧಿಯ (ಪಿಎಫ್) ಖಾತೆ ಇರುವುದಾಗಲಿ, ನೌಕರರ ರಾಜ್ಯ ವಿಮೆಯ (ಇಎಸ್‌ಐ) ಕಾರ್ಡ್ ಇರುವುದಾಗಲಿ ಮೇಲಿನ ಮಾನದಂಡಗಳ ಪಟ್ಟಿಯಲ್ಲಿ ಇಲ್ಲ. ಅವುಗಳನ್ನು ಬೇಡವೆಂದು ಬಿಟ್ಟವರು ಕಾರ್ಡನ್ನು ಉಳಿಸಿಕೊಂಡಂತಾಗುವುದಿಲ್ಲ, ಅಪಘಾತವಾದಾಗ ಸಿಗಬೇಕಾದ ರಕ್ಷಣೆಯನ್ನು ಮಾತ್ರ ಕಳೆದುಕೊಳ್ಳುತ್ತಾರೆ.

ಆದಾಯದ ಮಿತಿಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕಾದ ಮಾತೊಂದಿದೆ. ವರ್ಷಕ್ಕೆ 1.20 ಲಕ್ಷವೆಂದರೆ ತಿಂಗಳಿಗೆ 10,000 ರೂಪಾಯಿ. ರಾಜ್ಯದ ಬಹುತೇಕ ಅನುಸೂಚಿತ ಉದ್ಯೋಗಗಳಲ್ಲಿ, ಎಂದರೆ ಸರ್ಕಾರವೇ ಕನಿಷ್ಠ ವೇತನ ನಿಗದಿಪಡಿಸಿರುವ ಉದ್ಯೋಗಗಳಲ್ಲಿ, ಈ ಮೊತ್ತವನ್ನು ಕನಿಷ್ಠ ವೇತನವೇ ದಾಟಿದೆ. ಹೀಗಾಗಿ ಮನೆಯಲ್ಲಿ ಒಬ್ಬರು ವರ್ಷವಿಡೀ ಕಾನೂನುಬದ್ಧ ಕನಿಷ್ಠ ವೇತನ ಪಡೆದರೂ ಆ ಕುಟುಂಬ ಬಿಪಿಎಲ್ ಮಿತಿಯ ಹೊರಗೆ ನಿಲ್ಲುತ್ತದೆ. 2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಕಾರ್ಡ್‌ಗಳು ರದ್ದಾದಾಗ ಎದ್ದ ಆಕ್ಷೇಪದ ಫಲವಾಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರಿಗೆ ಕಾರ್ಡ್ ಮರಳಿಸುವಂತೆ ಸರ್ಕಾರ ಸೂಚಿಸಿತಾದರೂ, 1.20 ಲಕ್ಷದ ಮಾನದಂಡ ಅದರಿಂದ ರದ್ದಾಗಲಿಲ್ಲ. ಕಡತದಲ್ಲಿ ಒಂದು, ಆಚರಣೆಯಲ್ಲಿ ಇನ್ನೊಂದು ಎನ್ನುವ ಈ ಸ್ಥಿತಿಯೇ ಬಡವರ ಆತಂಕಕ್ಕೆ ಮೂಲ.

ಆದಾಯ ಮಿತಿ ದಾಟಿದ ಕುಟುಂಬವು ಕಾರ್ಡನ್ನು ಸುಮ್ಮನೆ ಹಿಂದಿರುಗಿಸಿ ಬರಬಾರದು. ಅದನ್ನು ಎಪಿಎಲ್ ಕಾರ್ಡಾಗಿ, ಅಂದರೆ ಆದ್ಯತೇತರ ಕುಟುಂಬದ ಕಾರ್ಡಾಗಿ ಬದಲಾಯಿಸಿಕೊಡುವಂತೆ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಯಲ್ಲಿ ಕೇಳಬೇಕು. ಉಳಿದ ಕೆಲವು ಯೋಜನೆಗಳಿಗೆ ಯಾವುದಾದರೊಂದು ಚಾಲ್ತಿಯ ರೇಷನ್ ಕಾರ್ಡ್ ಬೇಕಾಗುವುದರಿಂದ, ವರ್ಗ ಬದಲಾದರೆ ಅಕ್ಕಿ ಹೋಗಿ ಆಸ್ಪತ್ರೆಯ ನೆರವು ಕಡಿಮೆಯಾಗುತ್ತದೆಯಷ್ಟೇ, ಕಾರ್ಡೇ ಇಲ್ಲವಾದರೆ ಆ ಯೋಜನೆಗಳೂ ಹೋಗುತ್ತವೆ.

ಗೃಹಲಕ್ಷ್ಮಿಯ ಹಣ ಮತ್ತು ಸಂಬಳದ ಖಾತೆ

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯು ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ನಮೂದಾದ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ನೀಡುತ್ತದೆ. ಕಾರ್ಡ್ ಅಂತ್ಯೋದಯವಾಗಿರಲಿ, ಬಿಪಿಎಲ್ ಆಗಿರಲಿ, ಎಪಿಎಲ್ ಆಗಿರಲಿ, ಹಣ ಬರುತ್ತದೆ. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಮಾತ್ರ ಅನರ್ಹತೆ ಉಂಟಾಗುತ್ತದೆ. ಆದ್ದರಿಂದ ಯಜಮಾನಿಯೇ ಗಿರಣಿಯಲ್ಲಿ, ಗಾರ್ಮೆಂಟ್ಸ್‌ನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರೂ, ತೆರಿಗೆ ಕಟ್ಟುವಷ್ಟು ಸಂಬಳ ಇಲ್ಲದಿರುವವರೆಗೆ ಈ ಹಣ ನಿಲ್ಲಬೇಕಾದ ಕಾರಣವಿಲ್ಲ. ಬಿಪಿಎಲ್ ಹೋದರೆ ಗೃಹಲಕ್ಷ್ಮಿಯೂ ಹೋಗುತ್ತದೆ ಎಂಬ ಮಾತು ಇಷ್ಟೊಂದು ಹಬ್ಬಿರುವುದು ಈ ಒಂದು ಸಂಗತಿ ಜನರಿಗೆ ಸರಿಯಾಗಿ ತಲುಪದಿರುವುದರಿಂದ.

ಆದರೂ ಕೆಲಸಕ್ಕೆ ಸೇರಿದ ಒಂದೆರಡು ತಿಂಗಳಲ್ಲೇ ಹಣ ನಿಂತಿತು ಎನ್ನುವವರು ಇದ್ದಾರೆ, ಅದಕ್ಕೆ ಬಹಳ ಸಲ ಕಾರಣ ಬ್ಯಾಂಕಿನಲ್ಲಿ ಇರುತ್ತದೆ. ನೇರ ನಗದು ವರ್ಗಾವಣೆಯ ಹಣವು ಪಾಸ್‌ಬುಕ್ಕಿನ ಖಾತೆ ಸಂಖ್ಯೆಯನ್ನು ನೋಡಿ ಬರುವುದಿಲ್ಲ. ಆಧಾರ್ ಸಂಖ್ಯೆಯು ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಎನ್‌ಪಿಸಿಐಯ ದಾಖಲೆಯಲ್ಲಿ ಯಾವ ಬ್ಯಾಂಕಿಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಆ ಬ್ಯಾಂಕಿಗೆ ಹೋಗುತ್ತದೆ. ಮಾಲೀಕರು ಸಂಬಳಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆಸಿ, ಅಲ್ಲಿ ಆಧಾರ್ ಜೋಡಣೆಗೆ ಒಪ್ಪಿಗೆಯ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡರೆ, ಗೃಹಲಕ್ಷ್ಮಿ, ಪಿಂಚಣಿ, ಪಿಎಂ ಕಿಸಾನ್ ಮೊದಲಾದ ಎಲ್ಲ ಹಣವೂ ಹೊಸ ಖಾತೆಗೆ ತಿರುಗುತ್ತದೆ. ಹಳೆಯ ಪಾಸ್‌ಬುಕ್ಕಿನಲ್ಲಿ ನಮೂದು ಕಾಣದ ಮನೆಯವರು ಯೋಜನೆಯೇ ನಿಂತಿತೆಂದು ಭಾವಿಸುತ್ತಾರೆ. ಹೊಸ ಖಾತೆ ತೆರೆಯುವಾಗ ಸರ್ಕಾರಿ ಹಣ ಯಾವ ಖಾತೆಗೆ ಬರಬೇಕೆಂಬುದನ್ನು ಬ್ಯಾಂಕಿನವರಿಗೆ ಸ್ಪಷ್ಟವಾಗಿ ಹೇಳುವುದು, ಹಣ ಕಾಣದಾದಾಗ ಮೊದಲು ಎರಡೂ ಖಾತೆಗಳ ನಮೂದು ತೆಗೆಸಿ ನೋಡುವುದು ಉಚಿತ. ಅಲ್ಲಿಯೂ ಇಲ್ಲವಾದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಯನ್ನಾಗಲಿ, 1902 ಸಹಾಯವಾಣಿಯನ್ನಾಗಲಿ ಸಂಪರ್ಕಿಸಬೇಕು.

ತೆರಿಗೆಯ ಬಗ್ಗೆಯೂ ಒಂದು ವಿವರ ಇಲ್ಲಿ ಅಗತ್ಯ. ಸಾಲ ಪಡೆಯಲೆಂದು ಪತಿಯ ಹೆಸರಿನಲ್ಲಿ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ, ಕಟ್ಟಬೇಕಾದ ತೆರಿಗೆ ಸೊನ್ನೆಯೆಂದು ತೋರಿಸಿದ ಕುಟುಂಬಗಳು ದತ್ತಾಂಶ ಹೊಂದಾಣಿಕೆಯಲ್ಲಿ ತೆರಿಗೆ ಪಾವತಿದಾರರೆಂದು ಗುರುತಾಗುವ ಸಂಭವವಿದೆ. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಆದಕಾರಣ ರಿಟರ್ನ್‌ನ ಸ್ವೀಕೃತಿ ಪ್ರತಿಯನ್ನು ಜೋಪಾನವಾಗಿಟ್ಟು, ಆಕ್ಷೇಪ ಬಂದಾಗ ಅದನ್ನು ಲಗತ್ತಿಸಿ ಲಿಖಿತ ಮನವಿ ಕೊಡಬೇಕು. ಅಂಗಡಿ ಅಥವಾ ಸಣ್ಣ ಗುತ್ತಿಗೆಗೆಂದು ಹಿಂದೆ ಪಡೆದ ಜಿಎಸ್‌ಟಿ ನೋಂದಣಿ ಈಗ ಬಳಕೆಯಲ್ಲಿಲ್ಲದಿದ್ದರೆ ಅದನ್ನು ಕ್ರಮಬದ್ಧವಾಗಿ ರದ್ದುಪಡಿಸಿಕೊಳ್ಳುವುದೂ ಅಷ್ಟೇ ಮುಖ್ಯ.

ಬಸ್ಸು ಮತ್ತು ವಿದ್ಯುತ್

ಕೆಲಸಕ್ಕೆ ಹೋಗಿಬರುವ ಮಹಿಳೆಯರಿಗೆ ನೇರವಾಗಿ ಒದಗುವ ಸೌಲಭ್ಯ ಶಕ್ತಿ ಯೋಜನೆಯದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಇದರಡಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಕರ್ನಾಟಕದ ನಿವಾಸಿಗಳಾದ ಮಹಿಳೆಯರ ಪ್ರಯಾಣ ಉಚಿತ. ಐಷಾರಾಮಿ, ಹವಾನಿಯಂತ್ರಿತ ಬಸ್ಸುಗಳು ಇದಕ್ಕೆ ಸೇರಿಲ್ಲ. ಸಂಬಳ ಎಷ್ಟೇ ಇರಲಿ, ಕಾರ್ಡ್ ಯಾವುದೇ ಇರಲಿ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಕು. ಮಸ್ಕಿಯಿಂದ ಸಿಂಧನೂರಿಗೆ, ಮುದಗಲ್ಲಿನಿಂದ ಲಿಂಗಸುಗೂರಿಗೆ ನಿತ್ಯ ಓಡಾಡಿ ದುಡಿಯುವ ಹೆಣ್ಣುಮಕ್ಕಳ ಸಂಬಳದಲ್ಲಿ ಬಸ್ ಚಾರ್ಜಿಗೆ ಹೋಗುತ್ತಿದ್ದ ಪಾಲು ಇದರಿಂದ ಮನೆಯಲ್ಲೇ ಉಳಿಯುತ್ತದೆ.

ಗೃಹಜ್ಯೋತಿಯಲ್ಲೂ ಆದಾಯದ ಷರತ್ತಿಲ್ಲ. ಈ ಭಾಗಕ್ಕೆ ವಿದ್ಯುತ್ ಪೂರೈಸುವ ಜೆಸ್ಕಾಂನ ಗ್ರಾಹಕರಿಗೆ 2022-23ರ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿದ ಪ್ರಮಾಣದವರೆಗೆ, 200 ಯೂನಿಟ್‌ಗಳ ಮಿತಿಯೊಳಗೆ, ಗೃಹಬಳಕೆಯ ವಿದ್ಯುತ್ ಉಚಿತವಾಗಿದೆ. ಬಾಡಿಗೆದಾರರೂ ಅರ್ಹರು, ಕೆಲಸದ ಸಲುವಾಗಿ ಹಳ್ಳಿಯಿಂದ ಪಟ್ಟಣದ ಬಾಡಿಗೆ ಮನೆಗೆ ಬಂದವರು ಹಳೆಯ ಮನೆಯ ಮೀಟರಿನ ಆರ್‌ಆರ್ ಸಂಖ್ಯೆಯಿಂದ ತಮ್ಮ ಆಧಾರ್ ಬಿಡಿಸಿ ಹೊಸ ಮನೆಯ ಸಂಖ್ಯೆಗೆ ಜೋಡಿಸಿಕೊಳ್ಳಬೇಕು. ಮನೆಯ ಮುಂಭಾಗದಲ್ಲಿ ಅಂಗಡಿ ತೆರೆದು ವಾಣಿಜ್ಯ ಮೀಟರ್ ಪಡೆದರೆ ಆ ಮೀಟರಿಗೆ ಸೌಲಭ್ಯ ಇರುವುದಿಲ್ಲ.

ಆಸ್ಪತ್ರೆ, ಇಎಸ್‌ಐ ಮತ್ತು ಭವಿಷ್ಯ ನಿಧಿ

ಬಿಪಿಎಲ್ ಕಾರ್ಡ್ ಬದಲಾದಾಗ ಅಕ್ಕಿಗಿಂತ ಹೆಚ್ಚು ಯೋಚಿಸಬೇಕಾದದ್ದು ಆಸ್ಪತ್ರೆಯ ಖರ್ಚಿನ ಬಗ್ಗೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಪೂರ್ಣ ಉಚಿತವಾಗಿದ್ದರೆ, ಎಪಿಎಲ್ ಕುಟುಂಬಕ್ಕೆ ನಿಗದಿತ ಚಿಕಿತ್ಸಾ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷದ ಗರಿಷ್ಠ ಮಿತಿ 1.50 ಲಕ್ಷ ರೂಪಾಯಿ. ನೆರವು ಪೂರ್ತಿ ನಿಲ್ಲುವುದಿಲ್ಲವಾದರೂ ಉಳಿದ ಶೇ 70ರ ಭಾರ ಕುಟುಂಬದ ಮೇಲೆ ಬೀಳುತ್ತದೆ. ಈ ಅಂತರವನ್ನು ತುಂಬುವುದೇ ಇಎಸ್‌ಐ.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಅನ್ವಯವಾಗುವ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರನ್ನು ಒಳಗೊಳ್ಳುವ ವಿಮೆ. ಅಂಗವಿಕಲ ನೌಕರರಿಗೆ ಈ ಮಿತಿ 25,000 ರೂಪಾಯಿ. ನೌಕರರ ಸಂಬಳದಿಂದ ಶೇ 0.75 ಕಡಿತವಾದರೆ ಮಾಲೀಕರು ಶೇ 3.25 ಸೇರಿಸುತ್ತಾರೆ. ಚಿಕಿತ್ಸೆಯ ಸೌಲಭ್ಯ ನೌಕರರ ಪತಿ ಅಥವಾ ಪತ್ನಿ, ಮಕ್ಕಳು ಮತ್ತು ಅವಲಂಬಿತ ತಂದೆತಾಯಿಗೂ ಸಿಗುತ್ತದೆ. ನಿಗದಿತ ದಿನಗಳ ವಂತಿಗೆ ಸಂದಾಯವಾಗಿದ್ದರೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು, ಹೆರಿಗೆಗೆ 26 ವಾರಗಳ ಪೂರ್ಣ ಸಂಬಳ, ಕೆಲಸದ ವೇಳೆ ಅಪಘಾತವಾಗಿ ದುಡಿಯಲಾಗದಿದ್ದರೆ ಶೇ 90ರಷ್ಟು ಭತ್ಯೆ ದೊರೆಯುತ್ತದೆ. ಗಿರಣಿಯ ಬೆಲ್ಟಿಗೆ ಕೈ ಸಿಕ್ಕಿ ತಿಂಗಳುಗಟ್ಟಲೆ ಮನೆಯಲ್ಲಿ ಕೂರುವ ಕಾರ್ಮಿಕನಿಗೆ ಯಾವ ಗ್ಯಾರಂಟಿ ಯೋಜನೆಯೂ ಕೊಡದ ಆಸರೆ ಇದು. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ ಭವಿಷ್ಯ ನಿಧಿಯೂ ಕಡ್ಡಾಯವಾಗಿದ್ದು, ಸದಸ್ಯರು ಸೇವೆಯಲ್ಲಿರುವಾಗ ಮೃತಪಟ್ಟರೆ ಅವರ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿವರೆಗೆ ವಿಮಾ ಮೊತ್ತ, ಹತ್ತು ವರ್ಷದ ಸೇವೆ ಪೂರೈಸಿದವರಿಗೆ ವೃದ್ಧಾಪ್ಯದಲ್ಲಿ ಪಿಂಚಣಿ ಇದರೊಂದಿಗೆ ಬರುತ್ತವೆ.

ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮತ್ತು 436 ರೂಪಾಯಿ ಕಂತಿನ ಜೀವನಜ್ಯೋತಿ ಬಿಮಾ ಬ್ಯಾಂಕ್ ಖಾತೆಗೆ ಹೊಂದಿಕೊಂಡ ವಿಮೆಗಳಾದ್ದರಿಂದ ಉದ್ಯೋಗದಿಂದ ಅವುಗಳಿಗೆ ಬಾಧೆಯಿಲ್ಲ. ಆದರೆ ಸಂಬಳದ ಖಾತೆ ಬಂದ ಮೇಲೆ ಹಳೆಯ ಖಾತೆಯಲ್ಲಿ ಹಣವಿಡದೆ ಬಿಟ್ಟರೆ ಕಂತು ಕಡಿತವಾಗದೆ ವಿಮೆ ರದ್ದಾಗುತ್ತದೆ.

ಒಂದು ಮನೆಯ ಲೆಕ್ಕ

ಮಸ್ಕಿಯ ಬಿಪಿಎಲ್ ಕುಟುಂಬವೊಂದರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಇದ್ದು, ಹೆಂಡತಿ ಸಿಂಧನೂರಿನ ಸಂಸ್ಥೆಯೊಂದರಲ್ಲಿ ತಿಂಗಳಿಗೆ 13,000 ರೂಪಾಯಿ ಸಂಬಳಕ್ಕೆ ಸೇರಿದರೆಂದು ಇಟ್ಟುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ವರ್ಷದ ಸಂಬಳ 1,56,000 ರೂಪಾಯಿ. ಗಂಡನ ಕೂಲಿಯನ್ನು ಸೇರಿಸದಿದ್ದರೂ ಬಿಪಿಎಲ್ ಮಿತಿ ದಾಟುತ್ತದೆ. 2025ರ ಫೆಬ್ರವರಿಯಿಂದ ಕೊಟ್ಟ ಪ್ರಮಾಣದಲ್ಲಿ, ನಾಲ್ವರಿಗೆ ತಲಾ 10 ಕಿಲೋದಂತೆ 40 ಕಿಲೋ ಅಕ್ಕಿ ತಪ್ಪಿದರೆ, ಸರ್ಕಾರವೇ ಹಿಂದೆ ಕಟ್ಟಿದ್ದ 34 ರೂಪಾಯಿ ದರದಲ್ಲಿ ತಿಂಗಳಿಗೆ 1,360 ರೂಪಾಯಿಯ ನಷ್ಟ. ಸಂಬಳದಿಂದ ಇಎಸ್‌ಐಗೆ 98 ರೂಪಾಯಿ, ಪೂರ್ಣ ಸಂಬಳದ ಮೇಲೆ ಲೆಕ್ಕ ಹಾಕಿದರೆ ಭವಿಷ್ಯ ನಿಧಿಗೆ 1,560 ರೂಪಾಯಿ ಕಡಿತವಾಗಿ ಕೈಗೆ 11,342 ರೂಪಾಯಿ ಬರುತ್ತದೆ. ಪಿಎಫ್‌ನ ಹಣ ಆಕೆಯದೇ ಆಗಿ ಉಳಿಯುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ, ಉಚಿತ ವಿದ್ಯುತ್, ಉಚಿತ ಬಸ್ ಪ್ರಯಾಣ ಮುಂದುವರಿಯುತ್ತವೆ. ಅಕ್ಕಿಯನ್ನು ಅಂಗಡಿಯಿಂದ ಕೊಂಡರೂ ಕುಟುಂಬ ಮೊದಲಿಗಿಂತ ಉತ್ತಮ ಸ್ಥಿತಿಯಲ್ಲೇ ಇರುತ್ತದೆ. ಇದೇ ಕೆಲಸವನ್ನು ಇಎಸ್‌ಐ ಇಲ್ಲದೆ ಕೈಸಂಬಳಕ್ಕೆ ಒಪ್ಪಿಕೊಂಡರೆ ಮಾತ್ರ, ಒಂದು ದೊಡ್ಡ ಕಾಯಿಲೆ ಇಡೀ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು.

ಪಿಂಚಣಿಗಳು

ವಿಧವಾ ವೇತನ, 65 ವರ್ಷ ಮೀರಿದವರ ಸಂಧ್ಯಾ ಸುರಕ್ಷಾ, ಅಂಗವಿಕಲರ ಮಾಸಾಶನ, 40ರಿಂದ 64 ವರ್ಷದೊಳಗಿನ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರ ಮನಸ್ವಿನಿ ಮೊದಲಾದ ಪಿಂಚಣಿಗಳನ್ನು ಕಂದಾಯ ಇಲಾಖೆ ನೀಡುತ್ತದೆ; ವಿಧವಾ ವೇತನ ಮತ್ತು ಮನಸ್ವಿನಿ ತಿಂಗಳಿಗೆ 800 ರೂಪಾಯಿ, ಸಂಧ್ಯಾ ಸುರಕ್ಷಾ 1,200 ರೂಪಾಯಿ. ಇವುಗಳಿಗೆ ವಾರ್ಷಿಕ ಆದಾಯ ಮಿತಿ 32,000 ರೂಪಾಯಿ. ಮನೆಗೆ ಗೃಹಲಕ್ಷ್ಮಿ ಬರುತ್ತಿದೆ ಎಂಬ ಕಾರಣಕ್ಕೆ ಪಿಂಚಣಿ ನಿಲ್ಲುವುದಿಲ್ಲ, ಪಿಂಚಣಿ ಇದೆಯೆಂದು ಗೃಹಲಕ್ಷ್ಮಿಯೂ ನಿಲ್ಲುವುದಿಲ್ಲ.

ಪಿಂಚಣಿಯ ಈ ಆದಾಯ ಮಿತಿ ಎಷ್ಟು ಕಠಿಣವೆಂಬುದನ್ನು ಒಂದು ಗುಣಾಕಾರ ತೋರಿಸುತ್ತದೆ. 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ ಇತ್ತು; ವಿಧವೆಯೊಬ್ಬರು ಆಗಿನ ಕಾಯ್ದೆಯ ಪ್ರಕಾರ ನೂರು ದಿನವೂ ದುಡಿದಿದ್ದರೆ ದೊರೆಯುತ್ತಿದ್ದುದು 37,000 ರೂಪಾಯಿ. ಅಂದರೆ ಸರ್ಕಾರವೇ ಕೊಡುವ ಕೂಲಿಯನ್ನು ಪೂರ್ತಿ ಪಡೆದವರು ಸರ್ಕಾರದ ಪಿಂಚಣಿಯ ಮಿತಿಯನ್ನು ದಾಟುತ್ತಾರೆ. ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕಲು ಹೊಲಕ್ಕೂ ಗಿರಣಿಗೂ ಹೋಗುವ ಹೆಣ್ಣುಮಗಳ ದುಡಿಮೆಗೆ ಇಂತಹ ಮಿತಿಯನ್ನು ಅಡ್ಡವಿಡುವುದು ಅನ್ಯಾಯ. ನಿಯಮ ಹೀಗಿರುವಾಗ, ಪಿಂಚಣಿ ಪಡೆಯುವ ಮಹಿಳೆ ಕಾಯಂ ಸಂಬಳದ ಕೆಲಸಕ್ಕೆ ಸೇರುವ ಮುನ್ನ 800 ರೂಪಾಯಿ ನಿಲ್ಲಬಹುದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂಬಳದ ಎದುರು ಈ ಮೊತ್ತ ಚಿಕ್ಕದಾದ್ದರಿಂದ ಕೆಲಸವನ್ನು ಬಿಡಬೇಕಾಗಿಲ್ಲ. ಕೆಲಸ ಹೋದರೆ ಹೊಸ ಆದಾಯ ಪ್ರಮಾಣಪತ್ರದೊಂದಿಗೆ ನಾಡಕಚೇರಿಯಲ್ಲಿ ಮತ್ತೆ ಅರ್ಜಿ ಸಲ್ಲಿಸಬಹುದು.

ಯುವನಿಧಿ: ಕೆಲಸದೊಂದಿಗೆ ನಿಲ್ಲುವ ಹಣ

2022-23 ಮತ್ತು ನಂತರದ ಸಾಲಿನಲ್ಲಿ ಉತ್ತೀರ್ಣರಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ನೀಡುವ ಯುವನಿಧಿ, ನಿರುದ್ಯೋಗದ ಕಾಲಕ್ಕಷ್ಟೇ ಮೀಸಲಾದ ಭತ್ಯೆ. ಸರ್ಕಾರಿ ಇರಲಿ ಖಾಸಗಿ ಇರಲಿ, ಕೆಲಸಕ್ಕೆ ಸೇರಿದವರು, ಅಪ್ರೆಂಟಿಸ್ ಭತ್ಯೆ ಪಡೆಯುವವರು, ಉನ್ನತ ವ್ಯಾಸಂಗಕ್ಕೆ ಹೋದವರು ಇದಕ್ಕೆ ಅರ್ಹರಲ್ಲ. ತಾನು ಇನ್ನೂ ನಿರುದ್ಯೋಗಿ ಎಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಸಲ್ಲಿಸಬೇಕಿರುವುದರಿಂದ, ಕೆಲಸ ಸಿಕ್ಕ ಮೇಲೂ ಅದನ್ನು ಮುಂದುವರಿಸಿದವರು ಸುಳ್ಳು ಘೋಷಣೆಗೆ ಹೊಣೆಯಾಗಿ ಹಣ ಹಿಂದಿರುಗಿಸಬೇಕಾಗುತ್ತದೆ. ಇಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಘೋಷಣೆಯನ್ನು ನಿಲ್ಲಿಸುವುದೊಂದೇ ದಾರಿ. ಸಂವಿಧಾನದ 371(ಜೆ) ವಿಧಿಯಡಿ ರಾಯಚೂರು ಸೇರಿದಂತೆ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಗೂ ಯುವನಿಧಿಗೂ ಸಂಬಂಧವಿಲ್ಲ. ಲಿಂಗಸುಗೂರಿನ ಉಪವಿಭಾಗಾಧಿಕಾರಿ ಕಚೇರಿಯಿಂದ ಪಡೆಯುವ ಆ ಮೀಸಲಾತಿಯ ಅರ್ಹತಾ ಪತ್ರ ಖಾಸಗಿ ಕೆಲಸದಲ್ಲಿರುವವರಿಗೂ ಮುಂದೆ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಾಗ ಉಪಯೋಗಕ್ಕೆ ಬರುತ್ತದೆ.

ಮಕ್ಕಳ ಓದು, ಹೊಲ ಮತ್ತು ಗುಳೆ

ಕೆಲವು ವಿದ್ಯಾರ್ಥಿವೇತನಗಳ ಆದಾಯ ಮಿತಿ ಬಿಪಿಎಲ್ ಮಿತಿಗಿಂತ ಬಹಳ ಮೇಲಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಮಿತಿ 2.50 ಲಕ್ಷ ರೂಪಾಯಿ. ಮೇಲಿನ ಲೆಕ್ಕದ ಮಸ್ಕಿಯ ಕುಟುಂಬ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದ್ದು, ಗಂಡನ ಕೂಲಿ ಸೇರಿಯೂ ಆದಾಯ ಈ ಮಿತಿಯೊಳಗಿದ್ದರೆ ಅದರ ಮಕ್ಕಳು ಇದನ್ನು ಪಡೆಯುತ್ತಲೇ ಇರಬಹುದು. ತಹಶೀಲ್ದಾರರು ನೀಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆದಾಯದ ಭಾಗ ಐದು ವರ್ಷ ಚಾಲ್ತಿಯಲ್ಲಿರುತ್ತದೆಯಾದರೂ, ಅವಧಿ ಮುಗಿದಾಗ ಹೊಸ ಸಂಬಳವನ್ನು ಸೇರಿಸಿ ಸರಿಯಾದ ಮೊತ್ತವನ್ನೇ ಬರೆಸಬೇಕು. ಬಿಪಿಎಲ್ ಕುಟುಂಬದ ಹೆಣ್ಣುಮಗುವಿಗೆ ಭಾಗ್ಯಲಕ್ಷ್ಮಿ ಬಾಂಡ್ ಈಗಾಗಲೇ ಸಿಕ್ಕಿದ್ದರೆ, ಮುಂದಿನ ಷರತ್ತುಗಳು ಮಗುವಿಗೆ ಸಂಬಂಧಿಸಿದವು: ಶಾಲೆಗೆ ಹೋಗುತ್ತಿರಬೇಕು, ಬಾಲಕಾರ್ಮಿಕಳಾಗಿರಬಾರದು, 18 ತುಂಬುವ ಮೊದಲು ಮದುವೆಯಾಗಿರಬಾರದು.

ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಪಡೆಯುವ ರೈತರು ಖಾಸಗಿ ಕೆಲಸಕ್ಕೆ ಸೇರಿದರೂ ತೆರಿಗೆ ಕಟ್ಟದಿರುವವರೆಗೆ ಅರ್ಹರೇ. ಸರ್ಕಾರಿ ಕೆಲಸವಾದರೆ ಡಿ ಗುಂಪಿನ ನೌಕರರಿಗೆ ಮಾತ್ರ ವಿನಾಯಿತಿ. ಈ ಯೋಜನೆಯಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳಷ್ಟೇ ಆದ್ದರಿಂದ, ವಯಸ್ಕ ಮಗನಿಗೆ ನೌಕರಿ ಸಿಕ್ಕಿತೆಂದು ತಂದೆಯ ಹಣ ನಿಲ್ಲಬಾರದು. ಉದ್ಯೋಗ ಖಾತರಿಯು ಕುಟುಂಬಕ್ಕೆ ಸಂಬಂಧಿಸಿದ ಹಕ್ಕಾಗಿದ್ದು, 2005ರ ಕಾಯ್ದೆಯಲ್ಲಿ 100 ದಿನಗಳಿದ್ದ ಈ ಖಾತರಿಯನ್ನು 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆ 125 ದಿನಗಳಿಗೆ ಏರಿಸಿದೆ. ಮನೆಯ ಒಬ್ಬರು ಸಂಬಳಕ್ಕೆ ಸೇರಿದರೂ ಉಳಿದ ವಯಸ್ಕರು ಖಾತರಿಯ ಕೆಲಸವನ್ನು ಕೇಳಬಹುದು.

ಈ ಮೂರು ತಾಲ್ಲೂಕುಗಳ ಹಳ್ಳಿ ಮತ್ತು ತಾಂಡಾಗಳಿಂದ ಬೆಂಗಳೂರು, ಪುಣೆ, ಗೋವಾ ಕಡೆಗೆ ಗುಳೆ ಹೋಗುವವರ ಕಷ್ಟವೇ ಬೇರೆ; ಅವರಿಗೆ ಸೌಲಭ್ಯ ತಪ್ಪುವುದು ಆದಾಯದಿಂದಲ್ಲ, ಊರಿನಲ್ಲಿ ಇಲ್ಲದಿರುವುದರಿಂದ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಕೊಟ್ಟು ಧಾನ್ಯ ಪಡೆಯಬಹುದು, ಹೊರರಾಜ್ಯದಲ್ಲಾದರೆ ಕೇಂದ್ರದ ಪಾಲು ಸಿಗುತ್ತದೆ. ಆರು ತಿಂಗಳು ಧಾನ್ಯ ಎತ್ತದ ಕಾರ್ಡ್‌ಗಳನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಟ್ಟು ಪರಿಶೀಲಿಸುವ ನಿಯಮ ಇರುವುದರಿಂದ, ಗುಳೆ ಹೋದ ಊರಿನಲ್ಲೇ ರೇಷನ್ ಪಡೆಯುತ್ತಿರುವುದು ಕಾರ್ಡ್ ಉಳಿಸಿಕೊಳ್ಳುವ ಸುಲಭದ ದಾರಿ. ಕಟ್ಟಡ ಕೆಲಸಕ್ಕೆ ಹೋಗುವವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ದಾಖಲೆಯಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡು ಮಕ್ಕಳ ಓದು, ಹೆರಿಗೆ, ಮದುವೆ, ಅಪಘಾತಗಳಿಗೆ ನೆರವು ಪಡೆಯಬಹುದು. ಇದು ದುಡಿಯುವವರಿಗೆಂದೇ ಇರುವ ಸೌಲಭ್ಯ, ದುಡಿಮೆ ನಿಂತರೆ ನಿಲ್ಲುವಂಥದು.

ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಸ್ಕಿ ತಾಲ್ಲೂಕು ರೂಪುಗೊಂಡಿದ್ದರಿಂದ, ಅಲ್ಲಿನ ಅನೇಕರ ದಾಖಲೆಗಳಲ್ಲಿ ಹಳೆಯ ತಾಲ್ಲೂಕಿನ ಹೆಸರೇ ಉಳಿದಿರಬಹುದು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು, ವಿಳಾಸ ಒಂದೇ ಆಗಿರುವಂತೆ ಕೆಲಸಕ್ಕೆ ಸೇರುವ ಮುನ್ನವೇ ತಿದ್ದಿಸಿಕೊಂಡರೆ ಪಿಎಫ್ ಸಂಖ್ಯೆ ಪಡೆಯುವಾಗಲೂ ತೊಡಕು ಇರುವುದಿಲ್ಲ. ನೇಮಕದ ಪತ್ರ, ಪಿಎಫ್‌ನ ಯುಎಎನ್ ಸಂಖ್ಯೆ, ಇಎಸ್‌ಐ ಸಂಖ್ಯೆ ಇವುಗಳನ್ನು ಮೊದಲ ತಿಂಗಳಲ್ಲೇ ಕೇಳಿ ಪಡೆಯಬೇಕು. ಕೊಡದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ದೂರು ಸಲ್ಲಿಸಬಹುದು.

ಕೊನೆಗೆ ಆದಾಯ ಮಿತಿಯ ಪ್ರಶ್ನೆಗೇ ಮರಳಿದರೆ, ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್ ಎಂಬ ಯೋಜನೆಯಲ್ಲಿ ಸಂಬಳ ಏರಿದಂತೆ ನೆರವು ಹಂತಹಂತವಾಗಿ ಇಳಿಯುತ್ತದೆ, ದುಡಿದ ಪ್ರತಿ ಪೌಂಡಿಗೆ 55 ಪೆನ್ಸ್‌ನಂತೆ ಕಡಿತವಾಗಿ ಉಳಿದದ್ದು ದುಡಿದವರ ಕೈಯಲ್ಲಿ ನಿಲ್ಲುತ್ತದೆ. ಕರ್ನಾಟಕದ ಬಿಪಿಎಲ್ ಕಾರ್ಡಿನಲ್ಲಿ ಅಂತಹ ಹಂತಗಳಿಲ್ಲ. ವರ್ಷಕ್ಕೆ 1,20,000 ರೂಪಾಯಿ ದುಡಿದವರು ಒಳಗಿದ್ದರೆ, ಅದರ ಮೇಲೆ ಒಂದು ರೂಪಾಯಿ ಹೆಚ್ಚು ದುಡಿದವರು ಹೊರಗಿರುತ್ತಾರೆ. ಆದ್ಯತಾ ಕುಟುಂಬಗಳನ್ನು ಗುರುತಿಸುವ ಅಧಿಕಾರವನ್ನು ಆಹಾರ ಭದ್ರತಾ ಕಾಯ್ದೆಯ 10ನೇ ಕಲಂ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಆದ್ದರಿಂದ ಕನಿಷ್ಠ ವೇತನಕ್ಕೆ ತಕ್ಕಂತೆ ಈ ಮಿತಿಯನ್ನು ಏರಿಸಬೇಕೆಂಬ ಬೇಡಿಕೆಯನ್ನು ಗ್ರಾಮಸಭೆಗಳ ನಡಾವಳಿಯಲ್ಲಿ ಬರೆಸಿ, ಮೂರೂ ಕ್ಷೇತ್ರಗಳ ಶಾಸಕರ ಮುಂದಿಡುವ ಕೆಲಸವನ್ನು ಈ ಭಾಗದ ದುಡಿಯುವ ಕುಟುಂಬಗಳೇ ಆರಂಭಿಸಬೇಕು.